ಜಗಲಿಯ ಬೆಳಕಲ್ಲಿ ಮಕ್ಕಳ ಫೋಟೊ

ನನ್ನ ಮಗ ಹುಟ್ಟಿದ್ದು ಮೇ ಕೊನೆಗೆ. ಅವನಿಗೆ ಎರಡು ವಾರ ತುಂಬುವಷ್ಟರಲ್ಲಿ ಮಳೆ ಹಿಡಿಯಿತು. ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟದೊಳಗೆ ನಮ್ಮ ಮನೆ. ಜೂನ್‌ನಿಂದ ಆಗಸ್ಟ್‌ವರೆಗೆ ಹಗಲು ಹನ್ನೊಂದಕ್ಕೂ ಒಳಗೆ ಲೈಟ್ ಹಾಕಬೇಕು. ಆ ಮಳೆಗಾಲದಲ್ಲಿ ಫೋನಿನಲ್ಲಿ ತೆಗೆದ ನೂರಾರು ಫೋಟೊಗಳಲ್ಲಿ ಇಟ್ಟುಕೊಳ್ಳುವಂಥವು ಹತ್ತೂ ಸಿಗಲಿಲ್ಲ. ಹೆಚ್ಚಿನವು ಅಲುಗಿ ಕದಡಿಹೋಗಿದ್ದವು. ಫ್ಲ್ಯಾಶ್ ಹಾಕಿದ್ದರಲ್ಲಿ ಮುಖ ಸುಣ್ಣ ಬಳಿದ ಹಾಗೆ, ಹಿಂದೆ ಬರೀ ಕತ್ತಲು.

ತಪ್ಪು ಕ್ಯಾಮೆರಾದ್ದಲ್ಲ ಎಂದು ತಿಳಿಯಲು ನನಗೆ ವರ್ಷ ಹಿಡಿಯಿತು. ಬೆಳಕು ಕಡಿಮೆ ಇದ್ದರೆ ಕ್ಯಾಮೆರಾ ಹೆಚ್ಚು ಹೊತ್ತು ಬೆಳಕು ಹೀರಬೇಕಾಗುತ್ತದೆ. ಸೆಕೆಂಡಿನ 15ನೇ ಒಂದು ಭಾಗ ನಮಗೆ ಏನೂ ಅಲ್ಲ, ಆದರೆ ಕೂಸು ಅಷ್ಟರಲ್ಲಿ ಕೈ ಬೀಸಿ ಮುಗಿಸಿರುತ್ತದೆ. ಹಾಗಾಗಿ ಮಗು ಇದ್ದಲ್ಲಿಗೆ ಫೋನ್ ಹಿಡಿದು ಓಡುವುದನ್ನು ಬಿಟ್ಟೆ. ಮನೆಯಲ್ಲಿ ಎಲ್ಲಿ ಬೆಳಕಿದೆ ಎಂದು ಮೊದಲು ನೋಡುತ್ತೇನೆ, ಮಗು ಅಲ್ಲಿಗೆ ಬರುವ ಹಾಗೆ ಮಾಡುತ್ತೇನೆ. ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಇದೇ.

ಇದು ನನಗೆ ಚೆನ್ನಾಗಿ ಅರ್ಥವಾದದ್ದು ಒಂದು ವರ್ಷದ ಆಟಿ ತಿಂಗಳ 18ರಂದು. ಆಗಸ್ಟ್ ಮೊದಲ ವಾರದಲ್ಲಿ ಬರುವ ಆ ದಿನ ಇಲ್ಲಿ ಆಟಿ ಸೊಪ್ಪು ಕುದಿಸಿ ಪಾಯಸ ಮಾಡುತ್ತೇವೆ. ಕೊಡವರ ಮನೆಗಳಲ್ಲಿ ಅದೇ ಕಕ್ಕಡ 18, ಸೊಪ್ಪಿಗೆ ಮದ್ದುತೊಪ್ಪು ಎನ್ನುತ್ತಾರೆ. ಸೊಪ್ಪಿನ ರಸ ಕಡು ನೇರಳೆ. ಮಗಳಿಗೆ ಆಗ ಐದು ವರ್ಷ. ಪಾಯಸ ತಿಂದು, ನೇರಳೆ ನಾಲಿಗೆಯನ್ನು ಅತ್ತೆಗೆ ಚಾಚಿ ತೋರಿಸುತ್ತಿದ್ದಳು. ಅಡುಗೆಮನೆಯಲ್ಲೇ ತೆಗೆದೆ. ಫೋಟೊದಲ್ಲಿ ನಾಲಿಗೆ ರಾಗಿ ಅಂಬಲಿಯ ಬಣ್ಣಕ್ಕೆ ತಿರುಗಿತ್ತು, ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿ. ಮೇಲಿನ ಬಲ್ಬಿನ ಹಳದಿ ಬೆಳಕು ಒಂದು ಕಡೆಯಿಂದ, ಕಿಟಕಿಯಲ್ಲಿ ಮೋಡದ ನೀಲಿ ಬೆಳಕು ಇನ್ನೊಂದು ಕಡೆಯಿಂದ. ಎರಡನ್ನೂ ಒಟ್ಟಿಗೆ ಸರಿಮಾಡಲು ಕ್ಯಾಮೆರಾಕ್ಕೆ ಆಗುವುದಿಲ್ಲ. ಬಲ್ಬ್ ಆರಿಸಿ, ಬಟ್ಟಲು ಹಿಡಿದುಕೊಂಡೇ ಬಾ ಎಂದು ಅವಳನ್ನು ಜಗಲಿಗೆ ಕರೆದೆ. ಹೊರಗೆ ಮಳೆ ಸುರಿಯುತ್ತಿತ್ತು, ಮೋಡದ ಬೆಳಕು ಮೆತ್ತಗೆ ಒಂದೇ ಕಡೆಯಿಂದ ಬರುತ್ತಿತ್ತು. ನೇರಳೆ ನೇರಳೆಯಾಗಿಯೇ ಬಂತು.

ಅಂದಿನಿಂದ ಹಗಲಲ್ಲಿ ಫೋಟೊ ತೆಗೆಯುವ ಮುಂಚೆ ಲೈಟ್ ಆರಿಸುತ್ತೇನೆ. ಕೇಳಿದವರಿಗೆ ವಿಚಿತ್ರ ಅನಿಸುತ್ತದೆ, ಒಮ್ಮೆ ಮಾಡಿ ನೋಡಿ. ಮಗುವನ್ನು ಬಾಗಿಲಿನಿಂದ ಎರಡು ಮೂರು ಅಡಿ ಒಳಗೆ, ಬೆಳಕಿಗೆ ಪಕ್ಕ ಮಾಡಿ ಕೂರಿಸುತ್ತೇನೆ. ನೆರಳಿನ ಕೆನ್ನೆ ತೀರಾ ಕಪ್ಪಾದರೆ ಆ ಕಡೆಯ ಕುರ್ಚಿಯ ಮೇಲೆ ಬಿಳಿ ಪಂಚೆ ಹರಡಿದರೆ ಸಾಕು, ಬೆಳಕು ತಿರುಗಿ ಮುಖಕ್ಕೆ ಬೀಳುತ್ತದೆ.

ಕೂರಿಸಿದರೆ ಕೂರುತ್ತಾರೆಯೇ? ಇಲ್ಲ. ಅದಕ್ಕೆ ಕೆಲಸ ಕೊಡುತ್ತೇನೆ. ಬೆಳಕಿರುವಲ್ಲಿ ಚಾಪೆ ಹಾಸಿ, ಮಗಳಿಗೆ ಬೀನ್ಸ್ ಮುರಿಯಲು, ಮಗನಿಗೆ ಸ್ಟೀಲ್ ಡಬ್ಬಿಗಳಿಗೆ ಮುಚ್ಚಳ ಹೊಂದಿಸಲು ಬಿಡುತ್ತೇನೆ. ಹತ್ತು ನಿಮಿಷ ನನ್ನ ನೆನಪೇ ಅವರಿಗಿರುವುದಿಲ್ಲ. “ಇಲ್ಲಿ ನೋಡು, ನಗು” ಎಂದರೆ ಹಲ್ಲು ಕಾಣುತ್ತದೆ, ಮಗು ಕಾಣುವುದಿಲ್ಲ. ಮುಚ್ಚಳ ಸರಿಹೊಂದಿದಾಗ ಅವನ ತುಟಿ ಮುಂದೆ ಬರುತ್ತದಲ್ಲ, ನನಗೆ ಬೇಕಾದದ್ದು ಅದು. ನಾನೂ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗುತ್ತೇನೆ. ನಿಂತು ತೆಗೆದರೆ ನೆತ್ತಿ ಮಾತ್ರ ಸಿಗುತ್ತದೆ.

ನಮ್ಮವರ ಹಳೆಯ ಡಿಎಸ್‌ಎಲ್‌ಆರ್ ಒಂದಿದೆ, ಅದಕ್ಕೆ 50 ಎಂಎಂ ಎಫ್ 1.8 ಲೆನ್ಸ್. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ. ಬೆಳಕು ಹೀರುವ ಹೊತ್ತನ್ನು ಕೂತ ಮಕ್ಕಳಿಗೆ 1/250 ಸೆಕೆಂಡ್, ಓಡುವವರಿಗೆ 1/500 ಇಡುತ್ತೇನೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 1600ಕ್ಕೆ ಹೋದರೂ ಹೆದರುವುದಿಲ್ಲ. ಸ್ವಲ್ಪ ಮರಳು ಮರಳಾದ ಫೋಟೊವನ್ನು ನೋಡಬಹುದು, ಅಲುಗಿದ್ದನ್ನು ಆಗುವುದಿಲ್ಲ. ಇಬ್ಬರೂ ಒಟ್ಟಿಗಿದ್ದರೆ ಎಫ್ 4, ಇಲ್ಲದಿದ್ದರೆ ಒಬ್ಬರ ಮುಖ ಮಸುಕು. ಫೋನಾದರೆ ಮೊದಲು ಲೆನ್ಸ್ ಒರೆಸಿ. ಮಕ್ಕಳ ಎಣ್ಣೆ ಬೆರಳು ಅಲ್ಲಿ ಇದ್ದೇ ಇರುತ್ತದೆ.

ತೋಟದೊಳಗಿನ ಬಿಸಿಲು ಬೇರೆ ತೊಂದರೆ. ಸಿಲ್ವರ್ ಓಕ್ ಎಲೆಗಳ ನಡುವೆ ಬಿಸಿಲು ಚುಕ್ಕಿ ಚುಕ್ಕಿಯಾಗಿ ಮುಖದ ಮೇಲೆ ಬೀಳುತ್ತದೆ, ಸುತ್ತಲಿನ ಹಸಿರು ಚರ್ಮಕ್ಕೂ ಇಳಿಯುತ್ತದೆ. ಅಲ್ಲಿ ನಾನು ತೆಗೆಯುವುದೇ ಕಡಿಮೆ. ಕಾಫಿ ಒಣಗಿಸುವ ಕಣ ಒಳ್ಳೆಯ ಜಾಗ. ಸಂಜೆ ಐದರ ಹೊತ್ತಿಗೆ ಮಕ್ಕಳು ಬಿಸಿಲಿಗೆ ಬೆನ್ನು ಮಾಡಿದರೆ ಕೂದಲಂಚು ಹೊಳೆಯುತ್ತದೆ, ಕಣದ ಸಿಮೆಂಟಿನಿಂದ ಎದ್ದ ಬೆಳಕು ಮುಖ ತುಂಬುತ್ತದೆ. ಮಂಜು ಕವಿದ ಬೆಳಗು, ಕಾಫಿ ಹೂ ಅರಳಿಸುವ ಹೂಮಳೆಯ ನಂತರ ಬೆಳ್ಳಗಾದ ಗಿಡ, ಎರಡನ್ನೂ ಕ್ಯಾಮೆರಾ ಬೂದು ಮಾಡಿಬಿಡುತ್ತದೆ. ಫೋನಿನ ಪರದೆಯಲ್ಲಿ ಮಗುವಿನ ಮುಖ ಮುಟ್ಟಿ, ಬೆಳಕನ್ನು ಸ್ವಲ್ಪ ಮೇಲಕ್ಕೆ ಎಳೆಯಬೇಕು.

ನನ್ನ ಒಂದು ಲೆನ್ಸ್ ಮಳೆಗಾಲಕ್ಕೆ ಬಲಿಯಾಯಿತು. ಬೀರುವಿನಲ್ಲಿ ಬಟ್ಟೆಯ ಚೀಲದಲ್ಲಿಟ್ಟಿದ್ದೆ. ಸೆಪ್ಟೆಂಬರ್‌ನಲ್ಲಿ ತೆಗೆದಾಗ ಗಾಜಿನೊಳಗೆ ಜೇಡರ ಬಲೆಯಂಥ ಬೂಷ್ಟು. ಈಗ ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್.

ಮಗಳಿಗೆ ಈಗ ಎಂಟು. ಬೇಡ ಅಂದರೆ ತೆಗೆಯುವುದಿಲ್ಲ. ಸ್ನಾನದ ಫೋಟೊ, ಶಾಲೆಯ ಹೆಸರು ಕಾಣುವ ಸಮವಸ್ತ್ರದ ಫೋಟೊ ಯಾರ ಗ್ರೂಪಿಗೂ ಹೋಗುವುದಿಲ್ಲ. ಇದರಲ್ಲಿ ನಾನು ಹಟಮಾರಿ. ಲೈನ್‌ಮನೆಯ, ಅಂದರೆ ತೋಟದ ಕೆಲಸಗಾರರ ಸಾಲುಮನೆಯ, ಮಕ್ಕಳೂ ಇವರ ಜೊತೆ ಆಡುತ್ತಾರೆ. ಅವರ ಅಪ್ಪ ಅಮ್ಮನನ್ನು ಕೇಳಿಯೇ ತೆಗೆಯುತ್ತೇನೆ, ಪ್ರಿಂಟ್ ಹಾಕಿಸಿ ಕೊಡುತ್ತೇನೆ.

ಪ್ರಿಂಟ್ ಹಾಕಿಸುವುದು ಶುರುವಾದದ್ದು ನನ್ನ ಫೋನ್ ನೀರಿಗೆ ಬಿದ್ದು ಮಗನ ಎಂಟು ತಿಂಗಳ ಫೋಟೊ ಹೋದ ಮೇಲೆ. ಈಗ ತಿಂಗಳಿಗೆ ಹತ್ತು ಆರಿಸಿ 4x6ರಲ್ಲಿ ಹಾಕಿಸುತ್ತೇನೆ, ಉಳಿದವನ್ನು ಹಾರ್ಡ್ ಡಿಸ್ಕಿಗೆ ಹಾಕುತ್ತೇನೆ. ಪ್ಲಾಸ್ಟಿಕ್ ಆಲ್ಬಮ್‌ನಲ್ಲಿ ನಮ್ಮ ತೇವಕ್ಕೆ ಫೋಟೊ ಅಂಟಿಕೊಳ್ಳುತ್ತದೆ, ಆದ್ದರಿಂದ ನಡುನಡುವೆ ಕಾಗದ ಇಟ್ಟು ಡಬ್ಬಿಯಲ್ಲಿಡುತ್ತೇನೆ. ಹಿಂಬದಿಗೆ ಮೆತ್ತನೆ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಬಾಲ್‌ಪೆನ್ ಒತ್ತಿದರೆ ಮುಂಬದಿಗೆ ಗೆರೆ ಮೂಡುತ್ತದೆ. ಬರೆಯುವುದು ಹೆಸರು, ತಿಂಗಳು, ಮತ್ತೆ ಆಗ ಏನು ಮಾಡುತ್ತಿದ್ದರು ಎಂಬುದು: “ಜುಲೈ, ಜಗಲಿ, ಡಬ್ಬಿಗೆ ಮುಚ್ಚಳ ಹಾಕುತ್ತಿದ್ದ.”