ಚಳಿ ಹೋದ ಮೇಲೆ ಎಳೇ ಗಿಡಗಳನ್ನು ನಾನು ನೋಡುವ ರೀತಿ

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತೆ ಅಂತಾರಲ್ವಾ, ನಮ್ಮ ಚಿಕ್ಕಬಳ್ಳಾಪುರದಲ್ಲಿ ಕೈತೋಟದವರಿಗೆ ತಲೆನೋವು ಶುರುವಾಗುವುದು ಆಗಲೇ. ಬೆಳಗ್ಗೆ ಇನ್ನೂ ತಣ್ಣಗೆ, ಮಧ್ಯಾಹ್ನ ಸುಡುವ ಬಿಸಿಲು. ಮಳೆಗಾಲದಲ್ಲಿ ನೆಟ್ಟ ದಾಸವಾಳ, ಗುಲಾಬಿ, ನಂದಿಬಟ್ಟಲು ಎಲ್ಲ ಸೊರಗಿ ನಿಂತಿರುತ್ತವೆ. ಕೆಲವಕ್ಕೆ ಎಲೆಯೇ ಇರುವುದಿಲ್ಲ. ಇದನ್ನು ನೋಡಿ ಗಾಬರಿಯಾಗಿ ಒಂದು ಬಕೆಟ್ ನೀರು, ಒಂದು ಹಿಡಿ ಡಿಎಪಿ ರಾಸಾಯನಿಕ ಗೊಬ್ಬರ ಸುರಿಯುವವರೇ ಜಾಸ್ತಿ. ಚಳಿಗೆ ಸಾಯದ ಗಿಡ ಈ ಉಪಚಾರಕ್ಕೆ ಸಾಯುತ್ತದೆ.

ಈ ಕಾಲದಲ್ಲಿ ಎಲೆ ನೋಡಿ ಗಿಡದ ಆರೋಗ್ಯ ಹೇಳಲು ಆಗುವುದಿಲ್ಲ. ರಸ್ತೆ ಬದಿಯ ಹೊಂಗೆ ಕೂಡ ಎಲೆ ಉದುರಿಸಿಯೇ ಆಮೇಲೆ ಚಿಗುರುವುದು. ಹಾಗಾಗಿ ನಾನು ಬುಡದಿಂದ ಶುರು ಮಾಡಿ ಮೇಲಕ್ಕೆ ಹೋಗುತ್ತೇನೆ. ಎಲೆ ಕೊನೆಗೆ.

ಮೊದಲು ಬುಡ ಹಿಡಿದು ಮೆಲ್ಲಗೆ ಅಲುಗಾಡಿಸುತ್ತೇನೆ. ಗಿಡ ಗಟ್ಟಿಯಾಗಿ ನಿಂತಿದ್ದರೆ ಬೇರು ಸುತ್ತಲಿನ ಮಣ್ಣಿಗೆ ಹೋಗಿದೆ ಎಂದರ್ಥ. ಬುಡದ ಮಣ್ಣುಂಡೆ ಸಮೇತ ಲೊಡ್ಡ ಲೊಡ್ಡ ಅಂದರೆ ಬೇರು ಆ ಉಂಡೆಯೊಳಗೇ ಸುತ್ತಿಕೊಂಡಿದೆ. ಆಂಧ್ರದ ಕಡಿಯಂ ಊರಿನ ನರ್ಸರಿಗಳಿಂದ ಲಾರಿಯಲ್ಲಿ ಬರುವ ಗಿಡಗಳಲ್ಲಿ ಇದನ್ನು ಹೆಚ್ಚು ನೋಡಿದ್ದೇನೆ. ಅವುಗಳ ಬುಡದಲ್ಲಿ ಜಿಗುಟು ಮಣ್ಣು. ನಮ್ಮ ಕೆಂಪು ಮಣ್ಣಿನಲ್ಲಿ ನೆಟ್ಟರೆ ಬೇಸಿಗೆಗೆ ಆ ಉಂಡೆ ಒಣಗಿ ಗಟ್ಟಿಯಾಗುತ್ತದೆ. ಹಾಕಿದ ನೀರು ಸುತ್ತಲಿಂದ ಇಳಿದುಹೋಗುತ್ತದೆ, ಒಳಗೆ ಒಣ ಒಣ. ಮೇಲೆ ಮಣ್ಣು ಹಸಿಯಾಗಿಯೇ ಕಾಣುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಅಂಥ ಗಿಡದ ಉಂಡೆಗೆ ತೆಳ್ಳನೆ ಕಡ್ಡಿಯಿಂದ ಅಲ್ಲಲ್ಲಿ ತೂತು ಮಾಡಿ, ಬುಡಕ್ಕೇ ನಿಧಾನವಾಗಿ ನೀರು ಬಿಡುತ್ತೇನೆ. ತಳದಲ್ಲಿ ಸಣ್ಣ ತೂತಿರುವ ನೀರಿನ ಬಾಟಲಿ ಇಟ್ಟರೂ ಸಾಕು.

ಬುಡದಲ್ಲಿರುವಾಗಲೇ ಇನ್ನೊಂದು. ಮಣ್ಣು ಕಾಂಡದ ಮೇಲಕ್ಕೆ ಏರಿದ್ದರೆ ಸರಿಸುತ್ತೇನೆ. ಕಾಂಡಕ್ಕೆ ಮಣ್ಣಿನ ಗೆರೆ ಹತ್ತಿದ್ದರೆ ಗೆದ್ದಲು. ಒರೆಸಿ, ಒಳಗೆ ತೊಗಟೆ ತಿಂದಿದೆಯಾ ನೋಡಬೇಕು. ಗುಲಾಬಿಯಾದರೆ ಕಸಿ ಕಟ್ಟಿದ ಗಂಟಿನ ಕೆಳಗಿನಿಂದ ಚಿಗುರು ಎದ್ದಿದೆಯಾ ಅಂತಲೂ ನೋಡುತ್ತೇನೆ. ಅದು ಕಸಿಗೆ ಬೇರಾಗಿ ಬಳಸಿದ ಕಾಡು ಗುಲಾಬಿಯ ಚಿಗುರು. ಎಷ್ಟು ಹುಲುಸಾಗಿದ್ದರೂ ಹುಟ್ಟಿದ ಜಾಗದಿಂದಲೇ ಕಿತ್ತು ಹಾಕುತ್ತೇನೆ.

ಆಮೇಲೆ ಉಗುರಿನ ಪರೀಕ್ಷೆ. ಕೊಂಬೆಯ ತುದಿಯ ಹತ್ತಿರ ಹೆಬ್ಬೆರಳಿನ ಉಗುರಿನಿಂದ ಅಕ್ಕಿ ಕಾಳಿನಷ್ಟು ತೊಗಟೆ ಕೆರೆಯುತ್ತೇನೆ. ಒಳಗೆ ಹಸಿರು, ಬೆರಳಿಗೆ ತೇವ ತಾಕಿದರೆ ಅಲ್ಲಿ ಜೀವ ಇದೆ. ಕಂದು ಬಣ್ಣ, ಒಣ ಪುಡಿ ಬಂದರೆ ಎರಡು ಗೆಣ್ಣು ಕೆಳಗೆ ಮತ್ತೆ ಕೆರೆಯುತ್ತೇನೆ. ಗಿಡ ಬದುಕಿದ್ದರೆ ಹೀಗೆ ಇಳಿಯುತ್ತಾ ಹೋದಂತೆ ಒಂದು ಕಡೆ ಹಸಿರು ಸಿಕ್ಕೇ ಸಿಗುತ್ತದೆ. ಸಿಕ್ಕಿದ ಮೇಲೆ ಹೊರಮುಖವಾಗಿರುವ ಒಂದು ಕಣ್ಣು (ಚಿಗುರು ಮೂಡುವ ಜಾಗ) ನೋಡಿ, ಅದರಿಂದ ಕಾಲು ಇಂಚು ಮೇಲೆ ಓರೆಯಾಗಿ ಕತ್ತರಿಸುತ್ತೇನೆ. ಕತ್ತರಿಸಿದ ಮುಖದ ನಡುವೆ ಕಂದು ಚುಕ್ಕೆ ಉಳಿದಿದ್ದರೆ ಇನ್ನೂ ಒಂದು ಗೆಣ್ಣು ಕೆಳಗೆ. ಗುಲಾಬಿಯ ತುದಿ ಒಣಗುವ ರೋಗ ಹಾಗೆಯೇ ಇಳಿಯುತ್ತಾ ಬರುವುದು. ಒಂದು ಗಿಡ ಮುಗಿದ ಮೇಲೆ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಮುಂದಿನದಕ್ಕೆ ಹೋಗಬೇಕು. ಈಗ ಒಣಗಿದ್ದನ್ನು ಮಾತ್ರ ತೆಗೆಯುವುದು. ಗುಲಾಬಿಯನ್ನು ಗಟ್ಟಿಯಾಗಿ ಸವರುವ ಕಾಲ ಇದಲ್ಲ, ಅದು ಮಳೆ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ.

ಪಕ್ಕದ ಮನೆಯ ಅಜ್ಜಿ ನಮ್ಮ ಕಾಂಪೌಂಡಿನ ದಾಸವಾಳ ನೋಡಿ, "ಕಡ್ಡಿ ಆಗೋಯ್ತಲ್ಲಮ್ಮ, ಕಿತ್ತಾಕು ಅತ್ಲಾಗೆ" ಅಂದರು. ಅವರ ಮುಂದೆಯೇ ಕೆರೆದು ತೋರಿಸಿದೆ. "ಅಯ್ಯೋ, ಉಸುರೈತೆ!" ಅಂತ ಅವರೇ ಒಂದು ಚೊಂಬು ನೀರು ತಂದರು. ಬೇಡ ಅಜ್ಜಿ, ಮಣ್ಣು ಹಸಿ ಇದೆ ಅಂತ ತಡೆಯಬೇಕಾಯಿತು. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ, ಅಲ್ಲಿ ಒಣಗಿದ್ದರೆ ಮಾತ್ರ ನೀರು. ಎಲೆಯಿಲ್ಲದ ಗಿಡ ಕುಡಿಯುವುದು ಕಡಿಮೆ.

ಹುಳದ ವಿಷಯಕ್ಕೆ ಬಂದರೆ, ನಾನು ಹುಳ ಹುಡುಕುವುದಿಲ್ಲ, ಇರುವೆ ಹುಡುಕುತ್ತೇನೆ. ಕಾಂಡದ ಮೇಲೆ ಇರುವೆ ಸಾಲು ಏರುತ್ತಿದ್ದರೆ ಮೇಲೆ ಹಿಟ್ಟು ತಿಗಣೆಯೋ ಸಸ್ಯ ಹೇನೋ ಇದ್ದೇ ಇರುತ್ತದೆ. ಅವು ಬಿಡುವ ಸಿಹಿ ಅಂಟಿಗೆ ಇರುವೆ ಬರುವುದು. ದಾಸವಾಳದ ಕುಡಿ ಮುದುರಿ ಗಂಟು ಕಟ್ಟಿದ್ದರೆ ಔಷಧಿ ಹೊಡೆದು ಪ್ರಯೋಜನ ಕಡಿಮೆ. ಕುಡಿ ಕತ್ತರಿಸಿ ಸೋಪಿನ ನೀರಿಗೆ ಹಾಕುತ್ತೇನೆ. ಉಳಿದದ್ದಕ್ಕೆ ಲೀಟರ್‌ಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪು ಕಲಸಿ ಸಂಜೆ ಹೊತ್ತು.

ಬಿಸಿಲು ಏರಿದಂತೆ ಹೆಚ್ಚುವುದು ಕೆಂಪು ನುಸಿ. ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಎಲೆ ಮೇಲೆ ಸೂಜಿ ಚುಚ್ಚಿದಂಥ ಹಳದಿ ಚುಕ್ಕೆ ಕಂಡರೆ ಕೆಳಗೆ ಬಿಳಿ ಹಾಳೆ ಹಿಡಿದು ಕೊಂಬೆ ತಟ್ಟಿ. ಬಿದ್ದ ಧೂಳಿನಲ್ಲಿ ಯಾವುದಾದರೂ ಕಣ ನಡೆದರೆ ಅದೇ. ಬೆರಳಿಂದ ಒತ್ತಿದರೆ ಹಾಳೆ ಮೇಲೆ ಕೆಂಪು ಗೀರು ಮೂಡುತ್ತದೆ. ಇದಕ್ಕೆ ದಿನ ಬಿಟ್ಟು ದಿನ ಬೆಳಗ್ಗೆ ಪೈಪಿನಿಂದ ಎಲೆಯ ಕೆಳಭಾಗಕ್ಕೆ ರಭಸವಾಗಿ ನೀರು ಹೊಡೆಯುವುದೇ ನನಗೆ ಒಗ್ಗಿದ ದಾರಿ. ಗಂಧಕ ಹೊಡೆಯುವವರೂ ಇದ್ದಾರೆ. ಆದರೆ ಬಿಸಿಲಲ್ಲಿ ಅದು ಎಲೆ ಸುಡುತ್ತದೆ, ಬೇವಿನೆಣ್ಣೆಯ ಹಿಂದೆಮುಂದೆಯಂತೂ ಹೊಡೆಯಲೇಬಾರದು.

ಎಲೆಯ ಬಣ್ಣ ನೋಡುವುದು ಹೊಸ ಚಿಗುರು ಬಂದ ಮೇಲೆ. ಹಳೇ ಎಲೆ ಹಳದಿಯಾಗಿ ಉದುರಿದರೆ ಬಿಡಿ, ಅದರ ಆಯಸ್ಸು ಮುಗಿಯಿತು. ಹೊಸ ಎಲೆಯೇ ಹಳದಿಯಾಗಿದ್ದು ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಬೋರ್‌ವೆಲ್ ಗಡಸು ನೀರು ಕುಡಿಯುವ ಇಕ್ಸೋರ, ದಾಸವಾಳಕ್ಕೆ ಇದು ಮಾಮೂಲಿ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದ್ದು. ಸುಣ್ಣದಂಶವಿರುವ ಆ ಬೋರ್‌ವೆಲ್ ನೀರು ಬಿದ್ದು ಬಿದ್ದು ಬೇರಿಗೆ ಅದು ಸಿಗದಂತಾಗುತ್ತದೆ. ಫೆರಸ್ ಸಲ್ಫೇಟ್ ಲೀಟರ್‌ಗೆ 5 ಗ್ರಾಂ, ಜೊತೆಗೆ ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿ ಎಲೆಗೆ ಸಿಂಪಡಿಸುತ್ತೇನೆ. ಬಟ್ಟೆ, ಟೈಲ್ಸ್ ಮೇಲೆ ಬೀಳದಂತೆ ನೋಡಿಕೊಳ್ಳಿ, ಕಲೆ ಹೋಗುವುದಿಲ್ಲ.

ಗೊಬ್ಬರ ಚಿಗುರು ಬೆರಳುದ್ದ ಆದ ಮೇಲೆ, ಅದೂ ಕೊಟ್ಟಿಗೆ ಗೊಬ್ಬರ. ಬುಡಕ್ಕೆ ಹೊಂಗೆ ತರಗೆಲೆ ಮುಚ್ಚಿಗೆ, ಕಾಂಡಕ್ಕೆ ತಾಕದಂತೆ.

ಯುಗಾದಿ ಕಳೆದರೂ ಚಿಗುರದ ಗಿಡವನ್ನು ಅಗೆದು ಬೇರು ನೋಡುತ್ತೇನೆ. ಬಿಳಿ ತುದಿ ಇದ್ದರೆ ಮತ್ತೆ ನೆಡುತ್ತೇನೆ. ಎಳೆದಾಗ ಸಿಪ್ಪೆ ಜಾರಿ ನಾರು ಮಾತ್ರ ಉಳಿದರೆ ಕೊಳೆತಿದೆ. ಬೇರಿನ ತುಂಬ ಸಣ್ಣ ಗಂಟುಗಳಿದ್ದರೆ ಮಣ್ಣಿನ ಜಂತುಹುಳು (ನೆಮಟೋಡ್). ಆ ಗಿಡ ಸುಟ್ಟು, ಗುಂಡಿಗೆ ಬೇವಿನ ಹಿಂಡಿ ಬೆರೆಸಿ, ಒಂದು ಬೆಳೆ ಚೆಂಡು ಹೂ ಹಾಕಿಬಿಡುತ್ತೇನೆ.