ವೈಫೈ ಪಂಪ್‌ಶೆಡ್ಡಿನವರೆಗೆ: ತಗಡಿನ ಡಬ್ಬದ ಆಂಟೆನಾ ಮಾಡುವ ಕ್ರಮ

ಜಗಲಿಯಲ್ಲಿ ವೈಫೈ ಚೆನ್ನಾಗಿದೆ, ಅಂಗಳ ದಾಟಿದರೆ ಒಂದೇ ಕಡ್ಡಿ, ಪಂಪ್‌ಶೆಡ್ಡಿನ ಕ್ಯಾಮೆರಾಕ್ಕೆ ಅದೂ ಇಲ್ಲ. ತೋಟದ ಮನೆಗಳ ಈ ತಾಪತ್ರಯಕ್ಕೆ ಒಂದು ತಗಡಿನ ಡಬ್ಬ, ಮೂರು ಸೆಂಟಿಮೀಟರ್ ತಾಮ್ರದ ತಂತಿ, ಕೇಬಲ್ ಸಿಕ್ಕಿಸಲು ಒಂದು ಕನೆಕ್ಟರ್ ಸಾಕು. ಕೆಲಸ ಅರ್ಧ ದಿನದ್ದು. ಆದರೂ ಮಾಡಿ ನೋಡಿದ ಎಷ್ಟೋ ಮಂದಿ ‘ಏನೂ ವ್ಯತ್ಯಾಸವಾಗಲಿಲ್ಲ’ ಎಂದು ಡಬ್ಬವನ್ನು ಮೂಲೆಗೆ ಎಸೆಯುತ್ತಾರೆ. ಅಂಥ ಡಬ್ಬವನ್ನು ಎತ್ತಿಕೊಂಡು ಅಳೆದು ನೋಡಿದರೆ ತಪ್ಪು ಹೆಚ್ಚಾಗಿ ಎರಡರಲ್ಲೊಂದು. ತೂತು ಬೀಳಬಾರದ ಜಾಗದಲ್ಲಿ ಬಿದ್ದಿರುತ್ತದೆ, ಇಲ್ಲವೇ ಡಬ್ಬ ಗಳಿಸಿದ್ದನ್ನೆಲ್ಲ ಉದ್ದದ ಕೇಬಲ್ ತಿಂದುಹಾಕಿರುತ್ತದೆ.

ಆಂಟೆನಾ ಹೊಸದಾಗಿ ಶಕ್ತಿ ಹುಟ್ಟಿಸುವುದಿಲ್ಲ. ಸುತ್ತಲೂ ನೀರೆರಚುವ ಸ್ಪ್ರಿಂಕ್ಲರ್ ತೆಗೆದು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದ ಹಾಗೆ, ಇರುವುದನ್ನೇ ಒಂದು ದಿಕ್ಕಿಗೆ ಚಿಮ್ಮಿಸುತ್ತದೆ. ರೂಟರಿನ ಜತೆ ಬರುವ ಕಡ್ಡಿ ಆಂಟೆನಾದ ಗಳಿಕೆ (ಹೀಗೆ ಚಿಮ್ಮಿಸುವ ಬಲದ ಅಳತೆ) ಸುಮಾರು 2 ಡೆಸಿಬೆಲ್. ಸರಿಯಾಗಿ ಮಾಡಿದ ಡಬ್ಬದ್ದು 8ರಿಂದ 9. ಬಯಲಿನಲ್ಲಿ ಪ್ರತಿ 6 ಡೆಸಿಬೆಲ್‌ಗೆ ದೂರ ಇಮ್ಮಡಿಯಾಗುತ್ತದೆ. ಹಾಗಾಗಿ ಒಂದು ತುದಿಯಲ್ಲಿ ಡಬ್ಬ ಇಟ್ಟರೆ ದೂರ ಎರಡು ಪಟ್ಟಿಗಿಂತ ತುಸು ಹೆಚ್ಚು, ಎರಡೂ ತುದಿಯಲ್ಲಿ ಇಟ್ಟರೆ ನಾಲ್ಕೈದು ಪಟ್ಟು. ಇನ್ನೊಂದು ಲಾಭವನ್ನು ಜನ ಮರೆಯುತ್ತಾರೆ. ಡಬ್ಬ ಕಳಿಸುವಾಗ ಎಷ್ಟು ನೆರವಾಗುತ್ತದೋ ಕೇಳಿಸಿಕೊಳ್ಳುವಾಗಲೂ ಅಷ್ಟೇ. ಅಗ್ಗದ ಎಷ್ಟೋ ಬೂಸ್ಟರುಗಳು ರೂಟರಿನ ಕೂಗನ್ನು ಜೋರು ಮಾಡುತ್ತವೆ, ಕಿವಿಯನ್ನಲ್ಲ. ಅತ್ತಲಿಂದ ಕ್ಯಾಮೆರಾ ಪಿಸುಗುಟ್ಟಿದ್ದು ಮೊದಲಿನಂತೆಯೇ ಕೇಳಿಸುವುದಿಲ್ಲ. ‘20 ಡೆಸಿಬೆಲ್’ ಎಂದು ಬರೆದು ಮಾರುವ ಒಂದಡಿ ಉದ್ದದ ರಬ್ಬರ್ ಕಡ್ಡಿಗಳನ್ನಂತೂ ಮುಟ್ಟಬೇಡಿ. ಅಷ್ಟು ಉದ್ದದ ಕಡ್ಡಿಯಿಂದ ಅಷ್ಟು ಗಳಿಕೆ ಬರಲು ಸಾಧ್ಯವೇ ಇಲ್ಲ.

ಯಾವ ರೂಟರ್?

ಆಂಟೆನಾ ತಿರುಗಿಸಿ ಬಿಚ್ಚಲು ಬರುವಂಥದ್ದು. ಫೈಬರ್ ಸಂಪರ್ಕದ ಜತೆ ಕೊಡುವ ಪೆಟ್ಟಿಗೆಗಳಲ್ಲಿ ಆಂಟೆನಾ ಬಾಗುತ್ತದೆಯೇ ಹೊರತು ಹೆಚ್ಚಿನವುಗಳಲ್ಲಿ ಕಳಚುವುದಿಲ್ಲ. ಬಲವಂತ ಮಾಡಿದರೆ ಒಳಗಿನ ಎಳೆ ಹರಿಯುತ್ತದೆ. ಆ ಪೆಟ್ಟಿಗೆ ಇದ್ದಲ್ಲೇ ಇರಲಿ. ಅದರಿಂದ ಎತರ್ನೆಟ್ ಕೇಬಲ್ ಎಳೆದು ಇನ್ನೊಂದು ಸಣ್ಣ ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ಬರೀ ವೈಫೈ ಹರಡುವ ಕೆಲಸಕ್ಕೆ, ಹಾಕಿ. ಒಂದೇ ಆಂಟೆನಾದ, 150 ಎಂಬಿಪಿಎಸ್ ಎಂದು ಬರೆದಿರುವ ಹಳೆಯ ನಮೂನೆಯೇ ಈ ಕೆಲಸಕ್ಕೆ ಉತ್ತಮ. ನಾಲ್ಕು ಆಂಟೆನಾದ್ದರಲ್ಲಿ ಒಂದನ್ನು ಕಿತ್ತು ಡಬ್ಬ ಸಿಕ್ಕಿಸಿದರೆ ಉಳಿದ ಮೂರು ತಮ್ಮ ಪಾಲಿನ ಶಕ್ತಿಯನ್ನು ಮೊದಲಿನಂತೆ ಸುತ್ತಲೂ ಚೆಲ್ಲುತ್ತಲೇ ಇರುತ್ತವೆ. ಇಲ್ಲಿ ಹೇಳುವ ಅಳತೆಗಳೆಲ್ಲ 2.4 ಗಿಗಾಹರ್ಟ್ಸ್‌ಗೆ ಮಾತ್ರ, 5 ಗಿಗಾಹರ್ಟ್ಸ್‌ಗೆ ಇದೇ ಡಬ್ಬ ಆಗದು.

ಡಬ್ಬ

ಡಬ್ಬದ ಒಳವ್ಯಾಸ 76ರಿಂದ 90 ಮಿಲಿಮೀಟರಿನೊಳಗೆ ಇರಬೇಕು. 73ಕ್ಕಿಂತ ಕಿರಿದಾದರೆ ಈ ತರಂಗ ಡಬ್ಬದೊಳಗೆ ಸಾಗುವುದೇ ಇಲ್ಲ; 93 ದಾಟಿದರೆ ಬೇಡದ ಇನ್ನೊಂದು ಬಗೆಯ ತರಂಗವೂ ಹುಟ್ಟಿ ಶಕ್ತಿ ಹಂಚಿಹೋಗುತ್ತದೆ. ಆಲೂ ಚಿಪ್ಸ್ ಬರುವ ಉದ್ದನೆಯ ಕಾಗದದ ಕೊಳವೆಯಲ್ಲಿ ಮಾಡುವ ವಿಡಿಯೊಗಳು ಬೇಕಾದಷ್ಟಿವೆ. ಅದರ ಒಳವ್ಯಾಸ ಈ ಕೆಳಗಡಿಯ ಅಂಚಿನಲ್ಲೇ ಬರುತ್ತದೆ, ಒಳಗಿನ ಲೋಹದ ಪದರವೂ ಬೆಸುಗೆ ಹಿಡಿಯದಷ್ಟು ತೆಳು. ಬಿಡಿ.

ಸರಿಯಾದ ಡಬ್ಬ ಸಿಗದಿದ್ದರೆ ಹುಡುಕುತ್ತ ದಿನ ಕಳೆಯುವ ಬದಲು ತಗಡಿನ ಕೆಲಸದವರ ಹತ್ತಿರ ಹೋಗಿ, ಜಿಐ ಶೀಟಿನಲ್ಲಿ ಒಳವ್ಯಾಸ 85, ಉದ್ದ 175 ಮಿಲಿಮೀಟರಿನ, ಒಂದು ಕಡೆ ಮುಚ್ಚಿದ ಕೊಳವೆ ಮಾಡಿಸಿ. ಸುತ್ತಳತೆಗೆ 267 ಮಿಲಿಮೀಟರ್, ಮಡಿಕೆಗೆ ಇನ್ನೊಂದು 10. ಅಂಗಡಿಯ ಯಾವ ಡಬ್ಬಕ್ಕಿಂತಲೂ ಇದೇ ಲೇಸು, ಏಕೆಂದರೆ ಮುಂದಿನ ಲೆಕ್ಕವೆಲ್ಲ ಸಿದ್ಧವಿರುತ್ತದೆ. ಸ್ಟೀಲ್ ಡಬ್ಬವೂ ನಡೆಯುತ್ತದೆ, ಆದರೆ ಅದಕ್ಕೆ ಬೆಸುಗೆ ಅಂಟುವುದಿಲ್ಲ. ಕನೆಕ್ಟರನ್ನು ನಟ್ಟಿನಿಂದಲೇ ಬಿಗಿಯಬೇಕು.

ತೂತು ಮತ್ತು ತಂತಿ: ಕೆಲಸ ಕೆಡುವುದು ಇಲ್ಲೇ

ಗಾಳಿಯಲ್ಲಿ ಈ ತರಂಗದ ಉದ್ದ ಸುಮಾರು 122.8 ಮಿಲಿಮೀಟರ್. ಡಬ್ಬದೊಳಗೆ ಅದು ಹಿಗ್ಗುತ್ತದೆ, ಡಬ್ಬ ಕಿರಿದಾದಷ್ಟೂ ಹೆಚ್ಚು ಹಿಗ್ಗುತ್ತದೆ. ಆ ಹಿಗ್ಗಿದ ಉದ್ದದ ಕಾಲುಭಾಗದಷ್ಟು ದೂರದಲ್ಲಿ, ಮುಚ್ಚಿದ ತಳದಿಂದ ಅಳೆದು, ಕನೆಕ್ಟರ್ ಕೂರುವ ತೂತು ಬೀಳಬೇಕು. ಕನೆಕ್ಟರಿನ ಸೂಜಿಗೆ ಬೆಸೆದ ತಂತಿ ಅಲ್ಲಿಂದ ಡಬ್ಬದೊಳಕ್ಕೆ ಚಾಚುತ್ತದೆ. ಅಲ್ಲಿ ತಂತಿ ನಿಂತರೆ ತಳಕ್ಕೆ ಬಡಿದು ಮರಳುವ ತರಂಗ ಮುಂದಕ್ಕೆ ಹೊರಟದ್ದರ ಜತೆ ಹೆಜ್ಜೆ ಕೂಡಿಸುತ್ತದೆ; ಜಾಗ ತಪ್ಪಿದರೆ ಎರಡೂ ಒಂದನ್ನೊಂದು ಕಡಿದುಕೊಳ್ಳುತ್ತವೆ.

ಲೆಕ್ಕ ಹೀಗೆ. ಒಳವ್ಯಾಸವನ್ನು 1.706ರಿಂದ ಗುಣಿಸಿ. 122.8ನ್ನು ಆ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, 1ರಿಂದ ಕಳೆದು, ವರ್ಗಮೂಲ ತೆಗೆಯಿರಿ. ಈಗ 122.8ನ್ನು ಆ ವರ್ಗಮೂಲದಿಂದ ಭಾಗಿಸಿದರೆ ಡಬ್ಬದೊಳಗಿನ ತರಂಗದ ಉದ್ದ. ಅದರ ಕಾಲು ಪಾಲು ತೂತಿನ ದೂರ, ಮುಕ್ಕಾಲು ಪಾಲು ಡಬ್ಬದ ಉದ್ದ. 80 ಮಿಲಿಮೀಟರ್ ವ್ಯಾಸಕ್ಕೆ ತೂತು 70ರಲ್ಲಿ, ಉದ್ದ 211. 85ಕ್ಕೆ 58 ಮತ್ತು 173. 90ಕ್ಕೆ 51 ಮತ್ತು 153. ವ್ಯಾಸ 10 ಮಿಲಿಮೀಟರ್ ಬದಲಾದರೆ ತೂತು 19 ಮಿಲಿಮೀಟರ್ ಜರುಗುತ್ತದೆ ಎಂಬುದನ್ನು ಗಮನಿಸಿ. ಬೇರೆಯವರ ಡಬ್ಬದ ಅಳತೆ ಕೇಳಿ ತೂತು ಕೊರೆಯುವವರು ಎಡವುವುದು ಇಲ್ಲೇ. ಡಬ್ಬದ ಉದ್ದ ಒಂದೆರಡು ಸೆಂಟಿಮೀಟರ್ ಹೆಚ್ಚಿದ್ದರೆ ತೊಂದರೆಯಿಲ್ಲ, ತೂತಿನ ದೂರಕ್ಕೆ ಆ ರಿಯಾಯಿತಿ ಇಲ್ಲ.

ಅಳೆಯುವುದನ್ನು ಒಳಗಿನಿಂದ ಅಳೆಯಿರಿ. ಕಾರ್ಖಾನೆಯ ಡಬ್ಬಗಳ ತಳ ಹೊರಅಂಚಿಗಿಂತ ಕೆಲವು ಮಿಲಿಮೀಟರ್ ಒಳಗೆ ಕೂತಿರುತ್ತದೆ. ಹೊರಗಿನಿಂದ ಸ್ಕೇಲ್ ಇಟ್ಟರೆ ಅಷ್ಟೂ ತಪ್ಪುತ್ತದೆ. ಸ್ಕೇಲಿನ ತುದಿಯಲ್ಲಿ ಸೊನ್ನೆಯ ಮೊದಲು ಖಾಲಿ ಜಾಗವಿದ್ದರೆ ಅದೂ ಸೇರಿಕೊಳ್ಳುತ್ತದೆ. ಬಿದಿರಿನ ಕಡ್ಡಿಯೊಂದನ್ನು ಒಳಗೆ ತಳ ಮುಟ್ಟುವಂತೆ ನಿಲ್ಲಿಸಿ, ಬಾಯಿಯ ಅಂಚಿಗೆ ಗುರುತು ಹಾಕಿ ಒಳ ಆಳ ತಿಳಿಯಿರಿ. ಅದರಿಂದ ತೂತಿನ ದೂರ ಕಳೆದು, ಬಾಯಿಯ ಕಡೆಯಿಂದ ಹೊರಮೈಯಲ್ಲಿ ಗುರುತು ಮಾಡಿ. ಈ ಉಪಾಯದಲ್ಲಿ ಕೈ ತಪ್ಪುವುದಿಲ್ಲ.

ಕೊರೆಯುವಾಗ ತೆಳು ತಗಡು ನಜ್ಜಾಗದಂತೆ ಒಳಗೆ ದುಂಡನೆಯ ಮರದ ತುಂಡು ಕೊಟ್ಟುಕೊಳ್ಳಿ. 3 ಮಿಲಿಮೀಟರ್ ಬಿಟ್‌ನಿಂದ ಆರಂಭಿಸಿ ಹಂತಹಂತವಾಗಿ ಹಿಗ್ಗಿಸಿ, ಕೊನೆಗೆ ದುಂಡು ಅರದಿಂದ ಸರಿಮಾಡಿ. ನಟ್ಟಿನಿಂದ ಬಿಗಿಯುವ ಎನ್ ಕನೆಕ್ಟರಿಗೆ ಸುಮಾರು 16 ಮಿಲಿಮೀಟರ್ ಬೇಕಾಗುತ್ತದೆ. ನಾಲ್ಕು ಸ್ಕ್ರೂವಿನ ಚೌಕ ಪಟ್ಟಿಯದೂ ಸಿಗುತ್ತದೆ, ಆದರೆ ಅದು ಡಬ್ಬದ ದುಂಡುಮೈ ಮೇಲೆ ಸಪಾಟಾಗಿ ಕೂರದೆ ಸಂದಿ ಬಿಡುತ್ತದೆ. ನಟ್ಟಿನದನ್ನೇ ತನ್ನಿ. ತಿಂಡಿ ಡಬ್ಬಗಳ ಒಳಗೆ ಚಿನ್ನದ ಬಣ್ಣದ ಲೇಪ ಇರುತ್ತದೆ. ತರಂಗಕ್ಕೆ ಅದು ಅಡ್ಡಿಯಲ್ಲ, ಆದರೆ ವಿದ್ಯುತ್ತಿಗೆ ಅಡ್ಡಿ. ನಟ್ಟು ಕೂರುವ ಸುತ್ತ ಚಾಕುವಿನಿಂದ ಕೆರೆದು ಬರಿ ತಗಡು ಕಾಣುವಂತೆ ಮಾಡಿ. ಮೀಟರಿನಲ್ಲಿ ಕನೆಕ್ಟರಿನ ಮೈಗೂ ಡಬ್ಬಕ್ಕೂ ಸಂಪರ್ಕ ಇದೆಯೇ, ನಡುವಿನ ಸೂಜಿಗೂ ಡಬ್ಬಕ್ಕೂ ಇಲ್ಲವೇ ಎಂದು ಎರಡನ್ನೂ ನೋಡಿ.

ತಂತಿಗೆ ಅರ್ಥಿಂಗ್‌ಗೆ ಬಳಸುವ 14 ಗೇಜಿನ ಒಂಟಿ ಎಳೆ ತಾಮ್ರ ಚೆನ್ನ. ವೈರಿಂಗಿನ ಹಲವು ಎಳೆಯ ತಂತಿ ಬೇಡ. ಬೇಕಾದ ಉದ್ದ 30.7 ಮಿಲಿಮೀಟರ್. ಈ ಉದ್ದ ತಂತಿಯದಲ್ಲ! ಡಬ್ಬದ ಒಳಗೋಡೆಯಿಂದ ತಂತಿಯ ತುದಿಯವರೆಗಿನದು. ಒಳಗೆ ಇಣುಕುವ ಕನೆಕ್ಟರಿನ ಸೂಜಿಯೂ ಇದರಲ್ಲೇ ಸೇರಿತು. 30.7 ಕತ್ತರಿಸಿ ಸೂಜಿಯ ತುದಿಗೆ ಬೆಸೆದರೆ ಒಟ್ಟು ಉದ್ದ ಅಷ್ಟರಮಟ್ಟಿಗೆ ಬೆಳೆಯುತ್ತದೆ. ಒಂದು ಮಿಲಿಮೀಟರ್ ಹೆಚ್ಚಾದರೆ ಲೆಕ್ಕದ ಪ್ರಕಾರ ಆಂಟೆನಾ ಹಿಡಿಯುವ ಆವರ್ತನ ಸುಮಾರು 80 ಮೆಗಾಹರ್ಟ್ಸ್ ಕೆಳಗಿಳಿಯುತ್ತದೆ. ಇಡೀ 2.4 ವೈಫೈ ಪಟ್ಟಿಯ ಅಗಲವೇ 83.5 ಮೆಗಾಹರ್ಟ್ಸ್.

ಹಾಗಾಗಿ 32 ಮಿಲಿಮೀಟರ್ ಬರುವಂತೆ ಬೆಸೆದು ಅರದಿಂದ ತುದಿ ಉಜ್ಜುತ್ತ ಇಳಿಸಿ. ಉದ್ದವಿದ್ದದ್ದನ್ನು ತಗ್ಗಿಸಬಹುದು, ಗಿಡ್ಡವಾದದ್ದನ್ನು ಬೆಳೆಸಲಾಗದು. ಬೆಸುಗೆಯನ್ನು ಕನೆಕ್ಟರ್ ಡಬ್ಬಕ್ಕೆ ಸೇರುವ ಮೊದಲೇ ಹಾಕಿ. 60 ವ್ಯಾಟಿನ ಸೋಲ್ಡರಿಂಗ್ ಐರನ್ ಇರಲಿ. 25 ವ್ಯಾಟಿನದು ಆ ದಪ್ಪಕ್ಕೆ ಬೇಗ ಕಾವು ಕೊಡದೆ, ನೀವು ಕಾಯುತ್ತ ಹಿಡಿದಷ್ಟೂ ಹೊತ್ತು ಸೂಜಿ ಸುತ್ತಲ ಬಿಳಿ ನಿರೋಧಕಕ್ಕೆ ಬಿಸಿ ತಗುಲಿ ಸೂಜಿ ವಾಲುತ್ತದೆ. ತಂತಿ ಗೋಡೆಗೆ ನೆಟ್ಟಗೆ ಲಂಬವಾಗಿ ನಿಲ್ಲಬೇಕು. ಬೆಸುಗೆಯ ಗುಡ್ಡೆ ಬೆಳೆದಿದ್ದರೆ ಅರದಿಂದ ಸವರಿ.

ಕೇಬಲ್

ಎರಡನೆಯ ಸೋರಿಕೆ ಇಲ್ಲಿದೆ. 2.4 ಗಿಗಾಹರ್ಟ್ಸ್‌ನಲ್ಲಿ ಆರ್‌ಜಿ-58 ಕೇಬಲ್ ಮೀಟರಿಗೆ ಸುಮಾರು 1 ಡೆಸಿಬೆಲ್ ತಿನ್ನುತ್ತದೆ, ಸಪೂರದ ಆರ್‌ಜಿ-174 ಸುಮಾರು ಎರಡು. ರೂಟರ್ ಒಳಮನೆಯಲ್ಲಿ, ಡಬ್ಬ ಮಾಡಿನ ಮೇಲೆ, ನಡುವೆ ಏಳು ಮೀಟರ್ ಆರ್‌ಜಿ-58 ಎಂದರೆ ಡಬ್ಬದ ಗಳಿಕೆ ಪೂರ್ತಿ ಖರ್ಚು. ಟಿವಿ ಕೇಬಲ್ 75 ಓಮ್‌ನದು, ನಮಗೆ ಬೇಕಾದದ್ದು 50 ಓಮ್. ಹೆಚ್ಚು ಹಣ ತೆತ್ತು ಸೋರಿಕೆ ಕಡಿಮೆಯ ಎಲ್‌ಎಂಆರ್-400 ಕೇಬಲ್ ತರುವುದಕ್ಕಿಂತ ರೂಟರನ್ನೇ ಡಬ್ಬದ ಪಕ್ಕಕ್ಕೆ ಒಯ್ಯಿರಿ. ನೀರು ನುಗ್ಗದ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸಿನಲ್ಲಿ ರೂಟರ್, ಅದರಿಂದ ಡಬ್ಬಕ್ಕೆ ಅರ್ಧ ಮೀಟರ್ ಕೇಬಲ್, ಮನೆಯೊಳಗಿನಿಂದ ಅಲ್ಲಿಗೆ ಎತರ್ನೆಟ್. ಎತರ್ನೆಟ್ 100 ಮೀಟರ್‌ವರೆಗೆ ತಕರಾರಿಲ್ಲದೆ ಓಡುತ್ತದೆ.

ಈ ಅರ್ಧ ಮೀಟರ್ ತುಂಡನ್ನು ಎರಡೂ ತುದಿಗೆ ಕನೆಕ್ಟರ್ ಹಾಕಿದ್ದನ್ನೇ ಕೊಳ್ಳಿ. ಕೊಳ್ಳುವಾಗ ರೂಟರಿನ ಮೂತಿ ನೋಡಿ. ಹೊರಮೈಗೆ ಥ್ರೆಡ್ ಇದ್ದು ನಡುವೆ ಸೂಜಿ ಇದ್ದರೆ ಅದು ಆರ್‌ಪಿ-ಎಸ್‌ಎಂಎ. ಅದಕ್ಕೆ ನಡುವೆ ತೂತಿರುವ ಆರ್‌ಪಿ ಕೇಬಲ್ಲೇ ಆಗಬೇಕು. ಮಾಮೂಲಿ ಎಸ್‌ಎಂಎಯ ಥ್ರೆಡ್ಡೂ ಅದೇ ಅಳತೆಯದ್ದಾದ್ದರಿಂದ ಹಿಡಿದುಕೊಂಡು ತಿರುಗುತ್ತದೆ, ಒಳಗೆ ಸೂಜಿಗೆ ಸೂಜಿ ಗುದ್ದಿ ಎರಡೂ ಹಾಳು. ಆಂಟೆನಾ ಇಲ್ಲದ ಮೂತಿ ಬಿಟ್ಟು ರೂಟರಿಗೆ ಕರೆಂಟ್ ಕೊಡಬೇಡಿ.

ನಿಲ್ಲಿಸುವುದು, ತಿರುಗಿಸುವುದು

ಡಬ್ಬವನ್ನು ಮಲಗಿಸಿ, ಬಾಯಿ ಪಂಪ್‌ಶೆಡ್ಡಿನ ಕಡೆಗೆ. ತಂತಿ ಒಳಗೆ ಲಂಬವಾಗಿರಬೇಕು, ಎದುರಿನ ಕ್ಯಾಮೆರಾದ ಆಂಟೆನಾವೂ ಲಂಬ. ಒಂದು ನಿಂತು ಇನ್ನೊಂದು ಮಲಗಿದರೆ ಅಷ್ಟೂ ಕಷ್ಟ ನೀರಲ್ಲಿ ಹೋಮ. ಕಿರಣ ಸುಮಾರು 60 ಡಿಗ್ರಿ ಅಗಲ ಇರುವುದರಿಂದ ಗುರಿ ಹಿಡಿಯುವುದು ಕಷ್ಟವಲ್ಲ. ಕಷ್ಟವೆಂದರೆ ನಡುವಿನ ತೋಟ. 200 ಮೀಟರ್ ದೂರಕ್ಕೆ ನಡುಮಧ್ಯದಲ್ಲಿ ನೇರ ಗೆರೆಯ ಸುತ್ತ ಎರಡೂವರೆ ಮೀಟರ್ ತೆರವಿದ್ದರೆ ಒಳ್ಳೆಯದು, ಒಂದೂವರೆಯಾದರೂ ಬೇಕು. ಬೇಸಿಗೆಯಲ್ಲಿ ಅಡಿಕೆ ಮರಗಳ ಸಂದಿಯಲ್ಲಿ ತೂರಿಹೋದ ಸಿಗ್ನಲ್ ಜೂನ್‌ನಲ್ಲಿ ಸೋಗೆ ನೆನೆದೊಡನೆ ಕುಸಿಯುತ್ತದೆ. ನೀರು ಈ ತರಂಗವನ್ನು ಹೀರುತ್ತದೆ. ಆದ್ದರಿಂದ ಪರೀಕ್ಷೆಯನ್ನು ಮಳೆ ಬಿಟ್ಟ ತಕ್ಷಣ ಮಾಡಿ.

ಎದುರು ತುದಿಯಲ್ಲಿ ಫೋನಿನ ವೈಫೈ ಅನಲೈಸರ್ ಆ್ಯಪ್ ತೆರೆದಿಟ್ಟು, ಇಲ್ಲಿ ಡಬ್ಬ ತುಸುತುಸು ತಿರುಗಿಸಿ, ತಂತಿ ಅರ್ಧರ್ಧ ಮಿಲಿಮೀಟರ್ ಉಜ್ಜಿ ನೋಡಿ. ಅಂಕಿ ಕುಣಿಯುತ್ತಲೇ ಇರುತ್ತದೆ. ಒಂದು ನಿಮಿಷದ ಸರಾಸರಿಯನ್ನು ಕಣ್ಣಂದಾಜಿನಲ್ಲಿ ಹಿಡಿಯಿರಿ. ಮೈನಸ್ 67ರ ಆಸುಪಾಸು ಬಂದರೆ ಕ್ಯಾಮೆರಾ ಸಲೀಸು, ಮೈನಸ್ 80 ಆದರೆ ತಡೆತಡೆದು ಓಡುತ್ತದೆ. ರೂಟರಿನಲ್ಲಿ ಚಾನೆಲ್ 1, 6, 11ರಲ್ಲಿ ಖಾಲಿ ಇರುವುದನ್ನು ಖಾಯಂ ಮಾಡಿ, ಅಗಲ 20 ಮೆಗಾಹರ್ಟ್ಸ್ ಇಡಿ. ಅರ್ಧ ಕಿಲೋಮೀಟರ್ ದಾಟಬೇಕಿದ್ದರೆ ಡಬ್ಬದ ಆಸೆ ಬಿಟ್ಟು ಹೊರಾಂಗಣದ ಸಿದ್ಧ ವೈಫೈ ಸಾಧನಗಳ ಜೋಡಿಯನ್ನೇ ಕೊಳ್ಳುವುದು ಜಾಣತನ.

ಕಾನೂನಿನ ಮಾತು: 2005ರ ಅಧಿಸೂಚನೆಯಂತೆ ಈ ಪಟ್ಟಿಗೆ ಲೈಸೆನ್ಸ್ ಬೇಕಿಲ್ಲ, ಆಂಟೆನಾದ ಗಳಿಕೆ ಸೇರಿ ಹೊರಡುವ ಶಕ್ತಿ 4 ವ್ಯಾಟ್ ಮೀರಬಾರದು, ಎತ್ತರ ಕಟ್ಟಡದ ಮಾಡಿನಿಂದ 5 ಮೀಟರ್ ಒಳಗಿರಬೇಕು. 100 ಮಿಲಿವ್ಯಾಟ್ ರೂಟರಿಗೆ ಡಬ್ಬ ಸೇರಿದರೆ ಸುಮಾರು 0.8 ವ್ಯಾಟ್. ನಡುವೆ ಆಂಪ್ಲಿಫೈಯರ್ ತೂರಿಸಿದರೆ ಈ ಲೆಕ್ಕ ಉಳಿಯುವುದಿಲ್ಲ. ಮೊಬೈಲ್ ಸಿಗ್ನಲ್ ಬೂಸ್ಟರಿನ ಕತೆಯೇ ಬೇರೆ. ಅನುಮತಿಯಿಲ್ಲದೆ ಅದನ್ನು ಹಾಕುವುದು ಅಪರಾಧ.

ಬಾಯಿಗೆ ಡಬ್ಬದ್ದೇ ತೆಳು ಪ್ಲಾಸ್ಟಿಕ್ ಮುಚ್ಚಳ ಹಾಕಿ, ಕೆಳಮೈಯಲ್ಲಿ ನೀರು ಬಸಿಯಲು 3 ಮಿಲಿಮೀಟರ್ ತೂತು ಬಿಡಿ. ಸಿಲಿಕೋನ್ ಬಳಸುವುದಾದರೆ ಮೂಸಿ ನೋಡಿ: ವಿನೆಗರ್ ವಾಸನೆಯದ್ದು ತಾಮ್ರವನ್ನು ತಿನ್ನುತ್ತದೆ. ಗುಡುಗು ಶುರುವಾದರೆ ಎತರ್ನೆಟ್ಟನ್ನೂ ಪ್ಲಗ್ಗನ್ನೂ ಎರಡನ್ನೂ ಕಿತ್ತಿಡಿ. ಮಳೆಗಾಲ ಕಳೆದ ಮೇಲೆ ಸಿಗ್ನಲ್ ಕಾರಣವಿಲ್ಲದೆ ಇಳಿದಿದ್ದರೆ ರೂಟರ್ ರೀಸೆಟ್ ಮಾಡುವ ಮೊದಲು ಮುಚ್ಚಳ ತೆಗೆಯಿರಿ. ಬಸಿಯುವ ತೂತಿನಲ್ಲಿ ನುಸುಳಿದ ಕುಂಬಾರ ಹುಳ ತಂತಿಯ ಬುಡದಲ್ಲೇ ಮಣ್ಣಿನ ಗೂಡು ಕಟ್ಟಿರಬಹುದು.