ಚೀನೀ ಪದಗಳಿಗಾಗಿ ಒಂದೇ ಕಥೆ, ಎರಡು ಓದು
ಚೀನೀ ಭಾಷೆಯ ಮಧ್ಯಮ ಹಂತದ ಪದಗಳನ್ನು ಕಲಿಯುತ್ತಿರುವವರು ಒಂದು ಪುಟದ ಕಥೆಯನ್ನು ಮೊದಲ ಸಲ ನಿಘಂಟು ಮುಟ್ಟದೆ ಓದಿ, ಎರಡನೆಯ ಸಲ ಓದುವಾಗ ಕನಿಷ್ಠ ಎರಡು ಕಡೆ ಬಂದಿರುವ ಅಪರಿಚಿತ ಪದಗಳನ್ನು ಮಾತ್ರ, ಅವು ಬಂದ ಇಡೀ ವಾಕ್ಯದೊಂದಿಗೆ ಬರೆದುಕೊಳ್ಳುವುದು ಒಳ್ಳೆಯದು. ಪದಪಟ್ಟಿಯಲ್ಲಿ ‘ಜಿದಾವ್’, ‘ರೆನ್‌ಶಿ’, ‘ಲಿಜ್ಯೆ’ ಮೂರಕ್ಕೂ ‘ತಿಳಿ’ ಎಂಬ ಒಂದೇ ಅರ್ಥ ಸಿಗಬಹುದು. ಕಥೆಯಲ್ಲಾದರೆ ಮೊದಲನೆಯದು ಸಂಗತಿ ತಿಳಿದಿರುವುದಕ್ಕೆ, ಎರಡನೆಯದು ವ್ಯಕ್ತಿಯ ಪರಿಚಯಕ್ಕೆ, ಮೂರನೆಯದು ಅರ್ಥ ಮಾಡಿಕೊಳ್ಳುವುದಕ್ಕೆ ಸಲ್ಲುತ್ತದೆಂಬುದು ಸಂದರ್ಭದಿಂದಲೇ ಸ್ಪಷ್ಟವಾಗುತ್ತದೆ (ನಮ್ಮ ‘ಗೊತ್ತು’ ಮೊದಲೆರಡನ್ನೂ ಒಟ್ಟಿಗೆ ನುಂಗುವುದರಿಂದ ಕನ್ನಡಿಗರು ಇಲ್ಲಿ ಎಡವುವುದು ಸಹಜ). ಸಾಲಿಗೆ ಮೂರು-ನಾಲ್ಕು ಪದ ತಿಳಿಯದ ಕಥೆಯಲ್ಲಿ ಈ ಕ್ರಮ ಫಲಿಸದು. ನಾಲ್ಕಕ್ಷರದ ನುಡಿಗಟ್ಟುಗಳ ಹಿಂದಿರುವ ಪ್ರಾಚೀನ ಕಥೆಗಳನ್ನು ಮೂಲದಲ್ಲೇ ಓದಿದರೂ ಅಷ್ಟೆ, ಏಕೆಂದರೆ ಅಲ್ಲಿನ ಭಾಷೆ ಇಂದಿನ ಆಡುನುಡಿಯಲ್ಲ.